ಯಾವ ರೋಲ್ ಹಾಕಿದ್ದೀರಿ?

ಲಾಲ್‌ಬಾಗ್‌ನಲ್ಲೋ ಹಂಪಿಯಲ್ಲೋ ಯಾರದಾದರೂ ಹೆಗಲಲ್ಲಿ ಹಳೆಯ ಪೆಂಟಾಕ್ಸ್ ಕೆ1000 ಕಂಡರೆ ಮಾತಾಡಿಸದೆ ಮುಂದೆ ಹೋಗಲಾರೆ. 1976ರಲ್ಲಿ ಬಂದ ಈ ಫಿಲ್ಮ್ ಕ್ಯಾಮೆರಾಕ್ಕೆ ಬ್ಯಾಟರಿ ಬೇಕಿರುವುದು ಬೆಳಕು ಅಳೆಯಲು ಮಾತ್ರ. ಶಟರ್ ತನ್ನ ಪಾಡಿಗೆ ನಡೆಯುತ್ತದೆ.

ಹೆಸರು ಕೇಳುವ ಮೊದಲೇ ‘ಯಾವ ರೋಲ್ ಹಾಕಿದ್ದೀರಿ? ಎಲ್ಲಿ ತೊಳೆಸ್ತೀರಿ?’ ಎಂದು ಮಾತು ಶುರು. ಹಿರಿಯರಾದರೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೋಲ್‌ಗಳನ್ನು ನೆನೆಯುತ್ತಾರೆ. ಕಿರಿಯರು ‘ನಮ್ಮ ತಾತಂದು’ ಎಂದು ಹೆಮ್ಮೆಯಿಂದ ಕ್ಯಾಮೆರಾ ಕೈಗಿಡುತ್ತಾರೆ.

ರೋಲಿಗೆ 36 ಚಿತ್ರ, ತೆಗೆದದ್ದು ತಕ್ಷಣ ಕಾಣದು. ಹಾಗಾಗಿ ಒತ್ತುವ ಮುನ್ನ ಕಣ್ತುಂಬ ನೋಡಲೇಬೇಕು. ಹಾಗೆ ನೋಡುವವರ ನಡುವೆ ಸ್ನೇಹ ಬೇಗ ಬೆಳೆಯುತ್ತದೆ. ನಿಮ್ಮ ಮನೆಯ ಬೀರುವಿನಲ್ಲೂ ಅಂಥದ್ದೊಂದಿದ್ದರೆ ಹೊರತೆಗೆಯಿರಿ, ಎಲ್ಲಾದರೂ ಸಿಗೋಣ.