ಗ್ಲಾಸ್ಗೋ ಬಯಲಿನ ಭೇರಿನಾದ

ಸ್ಕಾಟ್ಲೆಂಡಿನ ಗ್ಲಾಸ್ಗೋ ಗ್ರೀನ್ ಬಯಲಿನಲ್ಲಿ ಆಗಸ್ಟ್ ಮಾಸದಲ್ಲಿ ಜರುಗುವ ವಿಶ್ವ ಬ್ಯಾಗ್‌ಪೈಪ್ ಮೇಳಗಳ ಸ್ಪರ್ಧೆಯನ್ನು ನೋಡಲು ನಾವು ಹೋದಾಗ ತುಂತುರು ಮಳೆಯಿತ್ತು. ನಡೆಯುತ್ತ ಡ್ರಮ್ ಬಾರಿಸುವವರಿಗೆ ಮಳೆಯೇ ಮೊದಲ ಪರೀಕ್ಷಕ. ಹಿಂದೆ ಕರುವಿನ ತೊಗಲನ್ನು ಬಿಗಿಯುತ್ತಿದ್ದರು. ತೇವ ತಾಗಿದೊಡನೆ ಅದು ಸಡಿಲಗೊಂಡು ನಾದ ಕುಗ್ಗುತ್ತಿತ್ತು. 1950ರ ದಶಕದಲ್ಲಿ ಪಾಲಿಯೆಸ್ಟರ್ ಪೊರೆಯ ಮುಚ್ಚಿಗೆ ಬಂದಿತು. ಇಂದು ಸ್ನೇರ್ ಡ್ರಮ್ಮಿಗೆ ಕೆವ್ಲಾರ್ ನೂಲಿನಿಂದ ನೇಯ್ದ ಮುಚ್ಚಿಗೆಯನ್ನು ಆರಿಸುತ್ತಾರೆ. ಗುಂಡುನಿರೋಧಕ ಕವಚಕ್ಕೆ ಬಳಸುವ ನೂಲೇ ಇದು! ಅದು ಅತಿಯಾದ ಬಿಗಿತವನ್ನು ತಾಳಬಲ್ಲುದು. ಆದ್ದರಿಂದ ಪೈಪುಗಳ ಅಬ್ಬರದ ನಡುವೆಯೂ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಆದರೆ ಆ ಗಡಸು ಬಾರಿಸುವವನ ಮಣಿಕಟ್ಟನ್ನೂ ದಂಡಿಸುತ್ತದೆ. ಕಲಿಯುವ ಎಳೆಯರ ಕೈಗೆ ಮೆದು ಪೊರೆಯೇ ಹಿತವೆಂಬುದು ನಮ್ಮ ಅಭಿಮತ. ಬಾಸ್, ಟೆನರ್ ಡ್ರಮ್ಮುಗಳಿಗೆ ಇಂದಿಗೂ ಪಾಲಿಯೆಸ್ಟರೇ ಸಾಕು. ಅವುಗಳಿಂದ ಬಯಸುವುದು ತುಂಬುನಾದವನ್ನು.