ಕರಗದೆ ಉಳಿದ ವರಹ

ಅತ್ತೆಯ ಕಾಸಿನ ಸರ ಹಂಚಿದಾಗ ನನ್ನ ಪಾಲಿಗೆ ಬಂದದ್ದು ಒಂದೇ ವರಹ. ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು. ಅದನ್ನು ಮಾರಿಬಿಡೋಣವೆಂದು ದಾವಣಗೆರೆಗೆ ಹೊರಟೆ. ಆರನೇ ಕ್ಲಾಸಿನ ಮಗನೂ ಜೊತೆಗೆ ಬಂದ.

ಅಂಗಡಿಯವರು ತಕ್ಕಡಿಗೆ ಹಾಕಿದರು. ಮೂರೂವರೆ ಗ್ರಾಮಿಗೆ ಸ್ವಲ್ಪ ಕಡಿಮೆ. ಒಂದು ಬದಿಯಲ್ಲಿ ಶಿವ-ಪಾರ್ವತಿ, ಇನ್ನೊಂದು ಬದಿಯಲ್ಲಿ ನಾಗರಿ ಅಕ್ಷರದಲ್ಲಿ ಶ್ರೀ ಕೃಷ್ಣರಾಜ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು.

"ಕರಗಿಸಿದ್ರೆ ಬಂಗಾರದ ರೇಟು ಬರ್ತೈತ್ರೀ ಅಕ್ಕಾರೆ. ಮೇಲಿರೋ ಅಕ್ಷರಕ್ಕೆ ನಾವು ರೇಟು ಕಟ್ಟಲ್ಲ" ಎಂದರು. ಯಾಕೋ ಕೊಡಲು ಕೈ ಬರಲಿಲ್ಲ. "ನಾಳೆ ಬರ್ತೀನಿ" ಎಂದು ಹೇಳಿ, ಬೆಣ್ಣೆದೋಸೆ ತಿಂದು, ಹರಿಹರದ ತಂಗಿಯ ಮನೆಗೆ ಬಸ್ಸು ಹತ್ತಿದೆವು. ಹದಿನಾಲ್ಕು ಕಿಲೋಮೀಟರ್ ದಾರಿ.

ಸಂಜೆ ತಂಗಿಯ ಗಂಡ ನಮ್ಮನ್ನು ಹರಿಹರೇಶ್ವರ ಗುಡಿಗೆ ಕರೆದೊಯ್ದರು. ಅವರು ಇತಿಹಾಸದ ಮೇಷ್ಟ್ರು. ತುಂಗಭದ್ರೆಯ ದಂಡೆಯ ಈ ಗುಡಿಯನ್ನು 1224ರ ಹೊತ್ತಿಗೆ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ. ಒಳಗೆ ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಆವರಣದಲ್ಲಿ ಆಳೆತ್ತರದ ಶಾಸನದ ಕಲ್ಲುಗಳು.

"ಚಿಕ್ಕಪ್ಪ, ನಮ್ಮ ಸೀಮೆಗೂ ನಾಣ್ಯ ಇತ್ತಾ?" ಮಗ ಕೇಳಿದ.

"ಇತ್ತಪ್ಪ. ಆಗ ಈ ಸೀಮೆಗೆ ನೊಳಂಬವಾಡಿ ಅಂತ ಹೆಸರು. ಹೊಯ್ಸಳ ವಿಷ್ಣುವರ್ಧನ ಇದನ್ನ ಗೆದ್ದಮೇಲೆ 'ಶ್ರೀ ನೊಳಂಬವಾಡಿಗೊಂಡ' ಅಂತ ಕನ್ನಡದಲ್ಲೇ ಬರೆಸಿ ಬಂಗಾರದ ನಾಣ್ಯ ಹೊಡೆಸಿದ. ತಲಕಾಡು ಗೆದ್ದದ್ದಕ್ಕೂ ಹಾಗೇ. ಆ ನಾಣ್ಯ ಕೈಯಿಂದ ಕೈಗೆ ಹೋದ ಹಾಗೆ ಊರಿನ ಹೆಸರೂ ಹೋಯ್ತು. ಎಲ್ಲಾನೂ ಕರಗಿಸಿದ್ದಿದ್ರೆ ಇವತ್ತು ಓದೋಕೆ ಏನಿರ್ತಿತ್ತು?"

ನಾನು ಸುಮ್ಮನೆ ಚೀಲದ ಮೇಲೆ ಕೈಯಿಟ್ಟುಕೊಂಡೆ.

ಅವರು ಇನ್ನೊಂದು ಸಂಗತಿ ಹೇಳಿದರು. ಇಂಗ್ಲೆಂಡ್ ಮತ್ತು ಐರ್ಲೆಂಡಿನ ನಡುವೆ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. ಬಾಲವಿಲ್ಲದ ಮ್ಯಾಂಕ್ಸ್ ಬೆಕ್ಕು ಅಲ್ಲಿನ ಹೆಮ್ಮೆ. 1988ರಲ್ಲಿ ಆ ಬೆಕ್ಕಿನ ಚಿತ್ರವಿರುವ ಚಿನ್ನ, ಬೆಳ್ಳಿ ನಾಣ್ಯಗಳನ್ನು ಹೊರಡಿಸಿದರು. ಅವು ಸಂತೆಗೆ ಒಯ್ಯುವ ದುಡ್ಡಲ್ಲ, ಸಂಗ್ರಹಿಸಿಡುವ ನಾಣ್ಯಗಳು. ಲೋಹಕ್ಕೆ ತೂಕದ ಬೆಲೆ ಹೇಗೂ ಉಂಟು; ಆದರೆ ಜನ ಆಸೆಪಟ್ಟು ಹುಡುಕುವುದು ಬೆಕ್ಕನ್ನು!

"ಹಾಗಾದ್ರೆ ನಮ್ಮ ದಾವಣಗೆರೆ ನಾಣ್ಯದಲ್ಲಿ ಒಂದು ಕಡೆ ಹರಿಹರೇಶ್ವರ, ಇನ್ನೊಂದು ಕಡೆ ಮಂಡಕ್ಕಿ ಭಟ್ಟಿ" ಎಂದ ಮಗ. ಹತ್ತಿ ಗಿರಣಿಗಳಿಂದ ಹೆಸರಾದ ಊರು, ಮಗ್ಗವೂ ಇರಲಿ ಎಂದರು ಅವನ ಚಿಕ್ಕಪ್ಪ. ಅಷ್ಟು ಚಿಕ್ಕ ನಾಣ್ಯದಲ್ಲಿ ಜಾಗ ಎಲ್ಲಿದೆ ಎಂದು ನದಿಯ ದಂಡೆಯವರೆಗೂ ಇಬ್ಬರಿಗೂ ವಾದ ನಡೆಯಿತು.

ಮರುದಿನ ಅದೇ ಅಂಗಡಿಗೆ ಹೋದೆ. ತಕ್ಕಡಿಯಲ್ಲಿಟ್ಟದ್ದು ನನ್ನ ಕೈಯ ಎರಡು ಬಳೆ. ಬಳೆ ಇನ್ನೊಮ್ಮೆ ಮಾಡಿಸಬಹುದು. ಈ ವರಹವನ್ನು ಹೊಡೆಯುವ ಟಂಕಸಾಲೆ ಈಗೆಲ್ಲಿದೆ?

ಬಸ್ಸಿನಲ್ಲಿ ಮಗ ನೋಟ್‌ಬುಕ್ಕಿನ ಹಾಳೆಯ ಕೆಳಗೆ ವರಹ ಇಟ್ಟು ಮೇಲೆ ಪೆನ್ಸಿಲ್ ಉಜ್ಜುತ್ತಿದ್ದ. ಶಿವ-ಪಾರ್ವತಿ ನಿಧಾನವಾಗಿ ಮೂಡಿದರು. ಅಕ್ಕನಿಗೆ ತೋರಿಸಬೇಕೆಂದು ಹಾಳೆಯನ್ನು ಜೋಪಾನವಾಗಿ ಮಡಚಿಟ್ಟ.