ಸೂಲಗಿತ್ತಿ ಎರೆದ ನೀರು

ನನ್ನ ತಂಗಿಗೆ ದೀಕ್ಷಾಸ್ನಾನ ಕೊಟ್ಟವರು ಫಾದರ್ ಅಲ್ಲ, ನಮ್ಮೂರ ಸೂಲಗಿತ್ತಿ. ಅವರು ಕ್ರೈಸ್ತರೂ ಅಲ್ಲ. ಮನೆದೇವರಿಗೆ ವರ್ಷವರ್ಷವೂ ಹರಕೆ ಒಪ್ಪಿಸುತ್ತಿದ್ದ ಹೆಂಗಸು. ಊರ ಮಕ್ಕಳಿಗೆಲ್ಲ ದೊಡ್ಡಮ್ಮ. ಎಪ್ಪತ್ತರ ದಶಕದ ಮಾತು ಇದು.

ಬಾಳೆಹೊನ್ನೂರಿನಾಚೆ, ಭದ್ರೆಯ ಮಗ್ಗುಲಲ್ಲಿ ನಮ್ಮ ಮನೆ. ಪುನರ್ವಸು ಮಳೆ ಹಗಲೂ ರಾತ್ರಿ ಹುಯ್ಯುತ್ತಿತ್ತು. ಡಾಕ್ಟರನ್ನು ಕರೆತರಲು ಅಪ್ಪ ಹೊರಟರು. ಅವರು ದಾಟಿದ್ದೇ ತಡ, ಹಳ್ಳದ ಸಂಕ ಕೊಚ್ಚಿಹೋಯಿತು. ಅಜ್ಜಿ ಅತ್ತೆಯ ಮನೆಗೆ ಹೋಗಿದ್ದರು. ಇದ್ದವರು ಅಮ್ಮ, ದೊಡ್ಡಮ್ಮ, ಬಚ್ಚಲೊಲೆಗೆ ಸೌದೆ ತುರುಕುತ್ತಿದ್ದ ನಾನು.

ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಅಳಲಿಲ್ಲ. ಬೆನ್ನು ತಿಕ್ಕಿದರು, ಅಂಗಾಲು ತಟ್ಟಿದರು. ಸಣ್ಣಗೆ ನರಳಿತು, ಅಷ್ಟೇ. ತುಟಿ ನೇರಳೆಗಟ್ಟಿತ್ತು. ತಲೆಯೆತ್ತಲೂ ಆಗದ ಅಮ್ಮ, "ನೀರು ಹಾಕಿ ದೊಡ್ಡಮ್ಮ, ನಾ ಹೇಳ್ದಂಗೆ ಹೇಳಿ" ಎಂದಳು.

ದೊಡ್ಡಮ್ಮ ಅಡಿಕೆ ಹಾಳೆಯ ಮೇಲಿದ್ದ ಮಗುವನ್ನೆತ್ತಿ ಎಡಗೈಯಲ್ಲಿ ತಲೆ ಹಿಡಿದರು. ಹಂಡೆಯಿಂದ ಚೊಂಬಿಗೆ ನೀರು ತೋಡಿಕೊಂಡು, ತಣ್ಣೀರು ಬೆರೆಸಿ, ಮೊಣಕೈ ತಾಗಿಸಿ ಹದ ನೋಡಿದರು. ಆಮೇಲೆ ಅಮ್ಮ ಉಸುರಿದ ಒಂದೊಂದೇ ಪದವನ್ನು ತಾವೂ ಹೇಳುತ್ತ, ಪಿತನ ಹೆಸರಿಗೊಮ್ಮೆ, ಸುತನ ಹೆಸರಿಗೊಮ್ಮೆ, ಪವಿತ್ರಾತ್ಮರ ಹೆಸರಿಗೊಮ್ಮೆ ನೆತ್ತಿಯ ಮೇಲೆ ಎರೆದರು.

ಮಗು ಗಟ್ಟಿಯಾಗಿ ಅತ್ತದ್ದು ಬೆಳಗಿನ ಜಾವ. ಅದನ್ನು ಪವಾಡವೆಂದು ನಾನು ಹೇಳುವುದಿಲ್ಲ. ಉಸಿರು ಬರಲೆಂದು ಎರೆದ ನೀರಲ್ಲ ಅದು. ಕೂಸು ಉಳಿಯದೇ ಹೋದರೆ ಕ್ರಿಸ್ತನದಾಗಿಯೇ ಹೋಗಲಿ ಎಂಬುದು ಅಮ್ಮನ ಹಂಬಲ.

ಮಳೆ ಹೊಳವಾದ ಮೇಲೆ ಫಾದರ್ ಬಂದರು, ಅಜ್ಜಿಯೂ ಬಂದರು. ಅಜ್ಜಿಗೆ ಸಮಾಧಾನವಿಲ್ಲ. ತೈಲವಿಲ್ಲ, ಮೇಣದಬತ್ತಿಯಿಲ್ಲ, ಜ್ಞಾನತಂದೆ ಜ್ಞಾನತಾಯಿಯರಿಲ್ಲ, ಎರೆದವರು ನಮ್ಮವರಲ್ಲ. "ಇನ್ನೊಂದ್ಸಲ ಎರೆದುಬಿಡಿ ಫಾದರ್, ನೀರಿಗೇನು ಬರವೇ?"

ಫಾದರ್ ದೊಡ್ಡಮ್ಮನನ್ನು ಕರೆಸಿ, ಕೂರಿಸಿ, ವಿಚಾರಿಸಿದರು. ನೀರು ನೆತ್ತಿಯ ಮೇಲೆ ಹರಿಯಿತೇ? ಹರಿಯಿತು. ಮಾತು ಹೇಳಿದ್ದೂ ನೀರೆರೆದದ್ದೂ ಒಬ್ಬರೇನಾ? ಹೌದು, ನಾನೇ. ಯಾವ ಮಾತು? ದೊಡ್ಡಮ್ಮ ತಪ್ಪಿಲ್ಲದೆ ಒಪ್ಪಿಸಿದರು. ಕೊನೆಗೆ ಫಾದರ್, "ಮನಸ್ಸಲ್ಲಿ ಏನಿತ್ತು?" ಎಂದರು.

"ನಿಮ್ಮೋರು ಮಕ್ಕಳಿಗೆ ಏನು ಮಾಡ್ತಾರೋ ಅದು ಈ ಕೂಸಿಗೂ ಆಗ್ಲಿ ಅಂತ. ಇನ್ನೇನಿರುತ್ತೆ?"

ಫಾದರ್ ಅಜ್ಜಿಯ ಕಡೆ ತಿರುಗಿದರು. "ಆಯ್ತಲ್ಲಮ್ಮ. ಹುಟ್ಟಿದ ಕೂಸನ್ನ ಇನ್ನೊಂದ್ಸಲ ಹೆರೋಕಾಗುತ್ತಾ?"

ದೊಡ್ಡಮ್ಮನ ಆ ಉತ್ತರದ ತೂಕ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಸಭೆಯ ಚರಿತ್ರೆ ಓದುವಾಗ. ಸಭೆಯಿಂದ ಹೊರಗಿದ್ದವರು ಕೊಟ್ಟ ದೀಕ್ಷಾಸ್ನಾನ ಸಲ್ಲುತ್ತದೆಯೇ ಎಂದು 3ನೇ ಶತಮಾನದಲ್ಲೇ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನರಿಗೂ ರೋಮಿನ ಪೋಪ್ ಸ್ತೇಫನ್ನರಿಗೂ ಜಟಾಪಟಿ ನಡೆದಿತ್ತು. ಸಲ್ಲದು, ಮತ್ತೆ ಕೊಡಬೇಕು ಎಂದವರು ಸಿಪ್ರಿಯನ್, ಬೇಡವೆಂದವರು ಸ್ತೇಫನ್. ಮುಂದೆ ಡೊನಾಟಿಸ್ಟರೊಡನೆ ವಾದಿಸಿದ ಸಂತ ಅಗಸ್ಟೀನರು, ಎರೆಯುವ ಕೈ ಯಾರದೇ ಆಗಿರಲಿ, ಕೊಡುವವನು ಕ್ರಿಸ್ತನೇ ಎಂದು ಪಟ್ಟುಹಿಡಿದರು. 1439ರಲ್ಲಿ ಫ್ಲಾರೆನ್ಸಿನ ಮಹಾಸಭೆ, ತುರ್ತಿನಲ್ಲಿ ಕ್ರೈಸ್ತರಲ್ಲದವರೂ ದೀಕ್ಷಾಸ್ನಾನ ಕೊಡಬಹುದೆಂದು ಬರೆದೇ ಇಟ್ಟಿತು. ನೀರು ಬೇಕು, ಆ ಮಾತು ಬೇಕು, ಸಭೆ ಮಾಡುವುದನ್ನೇ ಮಾಡುವ ಮನಸ್ಸು ಬೇಕು. ಆ ಮನಸ್ಸನ್ನು ದೊಡ್ಡಮ್ಮ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ತಿಳಿವಳಿಕೆ ಬಂದು, ನಂಬಿ, ಪೂರ್ತಿ ಮುಳುಗಿಯೇ ದೀಕ್ಷಾಸ್ನಾನ ಪಡೆಯಬೇಕೆನ್ನುವ ಕ್ರೈಸ್ತರೂ ಇದ್ದಾರೆ. ಕ್ರಿಸ್ತನ ಜೊತೆ ಸತ್ತು, ಹೂಣಿಸಿಕೊಂಡು, ಹೊಸ ಬದುಕಿಗೆ ಏಳುವುದೆಂದು ಸಂತ ಪೌಲರು ರೋಮನರಿಗೆ ಬರೆದದ್ದು ಮುಳುಗೇಳುವವರನ್ನು ಕಂಡಾಗಲೇ ಚೆನ್ನಾಗಿ ಮನಸ್ಸಿಗಿಳಿಯುತ್ತದೆ, ಒಪ್ಪುತ್ತೇನೆ. ಆದರೆ ಬೇಡಲೂ ಬಾರದ ಒಂದು ಕೂಸಿಗೆ ಅದು ದಕ್ಕಿದ್ದನ್ನು ನಾನು ಒಲೆಯ ಮುಂದೆ ನಿಂತು ನೋಡಿದ್ದೇನೆ. ದೇವರ ಈ ಕೊಡುಗೆಗೆ ಯೋಗ್ಯತೆಯ ಲೆಕ್ಕವಿಲ್ಲ ಎಂದು ಅಂದಿನಿಂದ ನಂಬಿದವನು.

ಮುಂದೊಂದು ಭಾನುವಾರ ಚರ್ಚಿನಲ್ಲಿ ಉಳಿದ ವಿಧಿ ನಡೆಯಿತು. ನೆತ್ತಿಗೆ ತೈಲ ಹಚ್ಚಿದರು, ಬಿಳಿ ವಸ್ತ್ರ ಹೊದಿಸಿದರು, ಪಾಸ್ಖ ದೀಪದಿಂದ ಮೇಣದಬತ್ತಿ ಹೊತ್ತಿಸಿ ಕೊಟ್ಟರು. ನೀರನ್ನು ಮಾತ್ರ ಮುಟ್ಟಲಿಲ್ಲ. ಅಜ್ಜಿ ಆಗ ಚಕಾರವೆತ್ತಲಿಲ್ಲ.

ತಂಗಿಯ ಮದುವೆ ಗೊತ್ತಾದಾಗ ದೀಕ್ಷಾಸ್ನಾನದ ಪ್ರಮಾಣಪತ್ರ ಬೇಕಾಗಿ ಚರ್ಚಿನ ರಿಜಿಸ್ಟರ್ ತೆಗೆಸಿದೆವು. ಕೊಟ್ಟವರು ಯಾರು ಎಂಬಲ್ಲಿ ಪುಟದ ತುಂಬ ಫಾದರ್‌ಗಳ ಹೆಸರು. ಅವಳ ಸಾಲಿನಲ್ಲಿ ಮಾತ್ರ ದೊಡ್ಡಮ್ಮನ ಹೆಸರು, ಪಕ್ಕದಲ್ಲಿ 'ಸೂಲಗಿತ್ತಿ' ಎಂದಿತ್ತು. ಮದುವೆಯ ಮೊದಲ ಕರೆಯೋಲೆಯನ್ನು ತಂಗಿ ತಾನೇ ಹೋಗಿ ದೊಡ್ಡಮ್ಮನ ಕೈಗೆ ಕೊಟ್ಟು ಬಂದಳು.